ಮಹಾರುದ್ರಪ್ಪನವರ ಹಳೆಯ ದಿವಾಳಿ, ಹೊಸ ಮನೆ

ಕೋವಿಡ್ ಮುಗಿದ ಮರುವರ್ಷ ನಾನು ರಾಣೆಬೆನ್ನೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ಗೃಹಸಾಲದ ಅರ್ಜಿಗಳೆಲ್ಲ ನನ್ನ ಮೇಜನ್ನು ಹಾಯ್ದೇ ಹೋಗಬೇಕಾಗಿದ್ದರಿಂದ, ಯಾರ ಮನೆಯ ದೇವರಕೋಣೆ ಯಾವ ದಿಕ್ಕಿಗೆ ಬರಲಿದೆ ಎಂಬುದು ದೇವರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ಆ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ: ‘ನೀವು ಎಂದಾದರೂ ದಿವಾಳಿ ಎಂದು ಘೋಷಿತರಾಗಿದ್ದೀರಾ?’ ನನ್ನ ಇಡೀ ಸೇವೆಯಲ್ಲಿ ಅದಕ್ಕೆ ‘ಇಲ್ಲ’ ಎಂಬುದರ ಹೊರತು ಬೇರೆ ಉತ್ತರ ಕಂಡಿರಲಿಲ್ಲ. ಅರ್ಜಿದಾರರು ಓದದೆ ಬರೆಯುತ್ತಿದ್ದರು, ಅಧಿಕಾರಿಗಳು ಓದದೆ ಒಪ್ಪುತ್ತಿದ್ದರು, ಆಡಳಿತ ಸುಗಮವಾಗಿತ್ತು. ಮಹಾರುದ್ರಪ್ಪನವರು ಅದನ್ನು ಕೆಡಿಸಿದರು.

ಅವರು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಜರ್. ಮಗಳು ಸುಜಾತಾ ರಾಣೆಬೆನ್ನೂರಿನಲ್ಲಿ ಕಾಲೇಜು ಉಪನ್ಯಾಸಕಿ. ಇಬ್ಬರ ಸಂಬಳವನ್ನೂ ತೋರಿಸಿ, ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಮನೆ ಕೊಳ್ಳಲು ಜಂಟಿ ಅರ್ಜಿ ಹಾಕಿದ್ದರು. ಮುಂಗಡ ಕೊಟ್ಟಾಗಿತ್ತು. ತಿಂಗಳೊಳಗೆ ಸಾಲ ಸಿಗದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ.

ಅರ್ಜಿ ಸೇರಿದ ಮರುದಿನ ಮಹಾರುದ್ರಪ್ಪನವರು ಒಬ್ಬರೇ ಬಂದರು.

“ಸಾಹೇಬ್ರ, ಅರ್ಜಿ ತುಂಬಿದ ಏಜೆಂಟ ದಿವಾಳಿ ಪ್ರಶ್ನೆಕ್ಕ ‘ಇಲ್ಲ’ ಅಂತ ಬರದಾನ್ರಿ. ಅದು ‘ಹೌದು’ ಅಂತ ಆಗಬೇಕು. ನಾ ದಿವಾಳಿ ಎದ್ದಾಂವ ಅದೇನಿ.”

ಮಗಳು ಎಂಟು ವರ್ಷದವಳಿದ್ದಾಗ ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಎಂದರೆ ರೈತರ ಮಾಲನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ಕಸುಬು. ದೂರದ ವ್ಯಾಪಾರಿಗಳು ಮಾಲು ಒಯ್ದು ಹಣ ಕಳಿಸಲಿಲ್ಲ, ಬಾಕಿಯೆಲ್ಲ ಇವರ ತಲೆಯ ಮೇಲೆ ಬಂತು. ಹಾವೇರಿಯ ನ್ಯಾಯಾಲಯ ಇವರನ್ನು ದಿವಾಳಿ ಎಂದು ಘೋಷಿಸಿತು. ಹಾಗೆ ಘೋಷಿಸಿದರೆ ಆಸ್ತಿ ಮಾರಿ ಬಂದದ್ದನ್ನು ಹಣ ಬರಬೇಕಾದವರಿಗೆ ಹಂಚುತ್ತಾರೆ. ಕೆಲವು ವರ್ಷಗಳ ಮೇಲೆ ‘ಡಿಸ್ಚಾರ್ಜ್’ ಎಂಬ ಬಿಡುಗಡೆಯ ಆದೇಶ ಸಿಗುತ್ತದೆ. ಅದೂ ಇವರಿಗೆ ಸಿಕ್ಕಿತ್ತು. ಬ್ಯಾಂಕಿನ ಸಾಲ ಇರದಿದ್ದುದರಿಂದ ಕ್ರೆಡಿಟ್ ರಿಪೋರ್ಟ್ ಮಾತ್ರ ಹಾಲಿನಷ್ಟು ಬೆಳ್ಳಗಿತ್ತು.

“ಇದನ್ನ ಬರದ್ರ ಸಾಲ ಸಿಗದನೂ ಇರಬಹುದು, ಗೊತ್ತದ ಏನ್ರಿ?” ಎಂದೆ.

“ಗೊತ್ತೈತ್ರಿ. ಆದ್ರ ನನ್ನ ಸುಳ್ಳಿನ ಬಾಜೂಕ ಮಗಳ ಸಹಿ ಬ್ಯಾಡ್ರಿ.” ಬಾಗಿಲ ಕಡೆ ನೋಡಿ ಹೇಳಿದರು: “ಮತ್ತ, ಆಕಿಗೆ ಇದು ಗೊತ್ತಾಗಬಾರದ್ರಿ.”

ಬ್ಯಾಂಕಿಂಗ್ ಶಾಸ್ತ್ರದಲ್ಲಿ ಇದಕ್ಕೆ ಅವಕಾಶವಿಲ್ಲ. ಜಂಟಿ ಅರ್ಜಿಯಲ್ಲಿ ಏನು ತಿದ್ದಿದರೂ ಇಬ್ಬರೂ ಓದಿ ಸಹಿ ಮಾಡಬೇಕು. ಹಾಗೆಂದೆ.

“ಹಂಗಾರ ಅರ್ಜಿ ವಾಪಸ್ ಕೊಟ್ಟಬಿಡ್ರಿ,” ಎಂದು ಎದ್ದೇಬಿಟ್ಟರು. ಮುಂಗಡ ಹೋದರೂ ಸರಿ, ಮಗಳ ಮುಂದೆ ಮಾನ ಉಳಿಯಲಿ ಎಂಬ ಲೆಕ್ಕ. ಬ್ಯಾಂಕಿನಲ್ಲಿ ಏನನ್ನೂ ಅದೇ ದಿನ ವಾಪಸ್ ಕೊಡುವ ಪದ್ಧತಿಯಿಲ್ಲ, ಆ ಮಹಾ ಸಂಪ್ರದಾಯವನ್ನು ನಾನು ಮುರಿಯಲಾರೆ, ಎರಡು ದಿನ ಬಿಟ್ಟು ಬನ್ನಿ ಎಂದೆ.

ಮುಂಗಡದಲ್ಲಿ ಮಗಳ ದುಡ್ಡೂ ಇದ್ದದ್ದು ಲೆಕ್ಕ ಬದಲಿಸಿತೋ ಏನೋ, ಎರಡು ದಿನದ ಮೇಲೆ ಆಕೆಯನ್ನೇ ಕರೆತಂದರು. ಏನನ್ನೂ ಹೇಳಿರಲಿಲ್ಲವೆಂಬುದು ಅವರ ಮುಖದಲ್ಲೇ ಇತ್ತು. ತಿದ್ದಿದ ಹಾಳೆಯನ್ನು ಆಕೆಯತ್ತ ಸರಿಸಿ ಫ್ಯಾನ್ ನೋಡುತ್ತ ಕುಳಿತರು. ಸುಜಾತಾ ಓದಿದಳು, ಸಹಿ ಮಾಡಿದಳು, ಪೆನ್ನಿಗೆ ಟೊಪ್ಪಿಗೆ ಹಾಕಿದಳು.

“ಅಪ್ಪಾ, ದೀಪಾವಳಿ ಬಂತಂದ್ರ ಪ್ಯಾಟಿ ಮಂದಿ ಎಲ್ಲಾ ಪಾನಸುಪಾರಿಗೆ ಹೋಗತಿದ್ರು. ನಾವಿಬ್ಬರ ಕದರಮಂಡಲಗಿ ಹನಮಪ್ಪನ ಗುಡ್ಯಾಗ ಕುಂಡ್ರತಿದ್ವಿ. ನನಗ ಗೊತ್ತಾಗಂಗಿಲ್ಲೇನು?”

“ಮತ್ತ ಒಮ್ಮೆರ ಕೇಳಲಿಲ್ಲಲ್ಲವಾ?”

“ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದಿ. ಕೇಳಿದ್ರ ನಿನ್ನ ದುಡಿಮಿ ಹಾಳಾಗತಿತ್ತು.”

ನಮ್ಮ ಕಡೆ ದೀಪಾವಳಿಗೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡಿ ಪೇಟೆಯವರನ್ನೆಲ್ಲ ಎಲೆ-ಅಡಿಕೆಗೆ ಕರೆಯುತ್ತಾರೆ, ಅದೇ ಪಾನಸುಪಾರಿ. ಕರೆ ಬಾರದವನು ಪೇಟೆಯ ಲೆಕ್ಕದಲ್ಲಿಲ್ಲ. “ಕರೀದ ಕಡೆ ಹೆಂಗ ಹೋಗೂದವಾ,” ಎಂದರು ಮಹಾರುದ್ರಪ್ಪ, ಫ್ಯಾನಿಗೆ.

ದಿವಾಳಿಯ ಉಲ್ಲೇಖವಿದ್ದುದರಿಂದ ಪೇಟೆಯಲ್ಲಿ ವಿಚಾರಣೆ ಕಡ್ಡಾಯವಾಯಿತು. ಅವರ ಒಪ್ಪಿಗೆ ಪಡೆದು ಬ್ಯಾಡಗಿಗೆ ಹೋದೆ. ಬ್ಯಾಂಕಿನ ಘನತೆಯನ್ನು ಹೊತ್ತು ಮಾರುಕಟ್ಟೆಯ ಯಾರ್ಡಿನೊಳಗೆ ಕಾಲಿಟ್ಟವನು ಸತತವಾಗಿ ಸೀನಿದೆ. ಮೆಣಸಿನಕಾಯಿ ಘಾಟಿಗೆ ಹುದ್ದೆಯ ಭೇದವಿಲ್ಲ. ಹಿಂದೆ ಮಹಾರುದ್ರಪ್ಪನವರಿಂದ ದೊಡ್ಡ ಬಾಕಿ ಬರಬೇಕಿದ್ದ ಚನ್ನಬಸಪ್ಪ ಎಂಬ ಹಿರಿಯ ದಲಾಲರು ನೀರು ಕೊಟ್ಟು ಕೂರಿಸಿದರು.

“ಕೋರ್ಟಿನಿಂದ ಬರೂದು ಬಂತ್ರಿ. ಉಳದದ್ದ ಅಂವಾ ಪಗಾರದಾಗ ತಂದ ಕೊಟ್ಟ. ಕಾಯ್ದೆ ಪ್ರಕಾರ ಕೊಡೂ ಜರೂರ ಇರಲಿಲ್ಲ. ನಾವೂ ಬ್ಯಾಡಪಾ ಬ್ಯಾಡ ಅಂದ್ವಿ.”

“ಆಮೇಲೆ?”

“ತಗೊಂಡ್ವಿ.”

“ಹಂಗಾದ್ರ ಅವರನ್ನ ಪಾನಸುಪಾರಿಗೆ ಯಾಕ ಕರಿಯೂದಿಲ್ರಿ?”

ಚನ್ನಬಸಪ್ಪನವರು ನನ್ನನ್ನೇ ದಿವಾಳಿ ಎದ್ದವನಂತೆ ನೋಡಿದರು. “ಯಾರ ಹೇಳಿದ್ರಿ? ಪ್ರತಿ ವರ್ಷ ಅವನ ಮನೀತನಕ ಆಳು ಕಳಸ್ತೀನಿ. ಮನೀಗೆ ಕೀಲಿ ಜಡದಿರತೈತಿ!”

ವರದಿಯಲ್ಲಿ ‘ಪೇಟೆಯಲ್ಲಿ ಅಭಿಪ್ರಾಯ ಉತ್ತಮ’ ಎಂದಷ್ಟೇ ಬರೆದೆ. ಕೀಲಿಯ ವಿಷಯಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ. ಅದನ್ನು ಮಹಾರುದ್ರಪ್ಪನವರಿಗೆ ಬಾಯಿಂದ ಹೇಳಿದೆ. ಮೇಲಿನ ಕಚೇರಿ ಡಿಸ್ಚಾರ್ಜ್ ಆದೇಶವನ್ನು ತಿರುವಿ ಮುರುವಿ ನೋಡಿ, ಕೇಳಿದ್ದಕ್ಕಿಂತ ಕಡಿಮೆ ಮೊತ್ತ ಮಂಜೂರು ಮಾಡಿತು. ಸುಜಾತಾ ತನ್ನ ಠೇವಣಿ ಮುರಿದು ಕೂಡಿಸಿದಳು. ಗಡುವಿನೊಳಗೆ ಮನೆ ನೋಂದಣಿಯಾಯಿತು.

ಅರ್ಜಿಯ ಆ ಪ್ರಶ್ನೆಯನ್ನು ಅಂದಿನಿಂದ ನಾನೇ ಗಟ್ಟಿಯಾಗಿ ಓದಿ ಕೇಳತೊಡಗಿದೆ. ಬಿದ್ದದ್ದನ್ನು ಹೇಳಿಕೊಂಡವನಿಗೆ ಮಾತ್ರ ತಾನು ಯಾವಾಗಲೋ ಎದ್ದು ನಿಂತಿದ್ದೇನೆಂಬ ಸುದ್ದಿ ಮುಟ್ಟುತ್ತದೆ. ಹೇಳದವನ ಮನೆಗೆ ಅದು ಬಂದು ಕೀಲಿ ನೋಡಿ ಹಿಂದಿರುಗುತ್ತದೆ. ನೌಕರಿ ಕಲಿಸಿದ್ದು ಇಷ್ಟು.

ಆ ದೀಪಾವಳಿಗೆ ಚನ್ನಬಸಪ್ಪನವರ ಅಂಗಡಿಗೆ ನನಗೂ ಕರೆ ಬಂದಿತ್ತು. ಸೀನುತ್ತಲೇ ಒಳಹೊಕ್ಕೆ. ಗಾದಿಯ ಅಂಚಿನಲ್ಲಿ ಇಸ್ತ್ರಿಯ ಅಂಗಿ ತೊಟ್ಟು ಮಹಾರುದ್ರಪ್ಪ, ಪಕ್ಕದಲ್ಲಿ ಸುಜಾತಾ.

“ಈ ಸಲ ಕದರಮಂಡಲಗಿಗೆ ಹೋಗಲಿಲ್ಲೇನ್ರಿ?” ಎಂದೆ.

ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

“ಮುಂಜಾನೇನ ಹೋಗಿ ಬಂದ್ವಿರಿ.”