ಕ್ಯಾಮೆರಾದ ಕೆಳಗೆ ಜಯಮ್ಮನ ಟೈಲ್ಸು

ಹನ್ನೊಂದು ಗಂಟೆಗೆ ಒಳ್ಳೆಯ ಟೈಲ್ಸೆಲ್ಲ ಒಮ್ಮೆಲೇ ಕೆಟ್ಟುಹೋದವು. ಅಲ್ಲಿಯವರೆಗೆ ಬಿಳಿ ಟೈಲ್ಸುಗಳನ್ನು ಒಂದೊಂದಾಗಿ ಪಾಸು ಮಾಡುತ್ತಿದ್ದ ಕ್ಯಾಮೆರಾ, ಈಗ ಅಂಥವನ್ನೇ ಸಾಲಾಗಿ ರಿಜೆಕ್ಟ್ ಪೆಟ್ಟಿಗೆಗೆ ತಳ್ಳತೊಡಗಿತು. ವೈರು ನೋಡಿದೆ, ಲೆನ್ಸು ಒರೆಸಿದೆ, ಬೆಲ್ಟಿನ ಕೆಳಗೆ ತಲೆ ಹಾಕಿದೆ. ಆಚೆ ಮೇಜಿನ ಮುಂದೆ ಟೈಲ್ಸು ನೋಡುತ್ತ ಕುಳಿತಿದ್ದ ಜಯಮ್ಮ ಕೂಗಿದರು:

"ಅಲ್ಲೇನ್ ತಡಕ್ತೀಯವ್ವ? ತ್ರೀ ಫೇಸ್ ಬಂತು. ನಮ್ಮೆಜಮಾನ್ರು ಪಂಪ್ ಹಾಕವ್ರೆ."

ಇಲ್ಲಿ ಕರೆಂಟಿಗೂ ಪಾಳಿ ಇದೆ. ಪಂಪುಸೆಟ್ಟುಗಳಿಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ. ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗಿನ ಗದ್ದೆಗಳಲ್ಲಿ ಮೋಟಾರುಗಳು ಒಟ್ಟಿಗೆ ಶುರುವಾದರೆ ನಮ್ಮ ಕಾರ್ಖಾನೆಯ ಟ್ಯೂಬ್‌ಲೈಟುಗಳು ಒಂದಿಷ್ಟು ಕುಗ್ಗುತ್ತವೆ. ಮನುಷ್ಯರ ಕಣ್ಣಿಗೆ ತಿಳಿಯದಷ್ಟು. ಕ್ಯಾಮೆರಾಕ್ಕೆ ತಿಳಿಯುತ್ತದೆ. ನಮ್ಮ ಗದಗಿನ ಕಡೆ ಬೆಳಕೆಂದರೆ ಬಿಸಿಲು, ಅದು ಯಾರ ಮೋಟಾರನ್ನೂ ಕೇಳುವುದಿಲ್ಲ. ಇಲ್ಲಿನ ಬಿಸಿಲೂ ಬೇರೆ. ನಾಲೆಯಲ್ಲಿ ನೀರು ಬಿಟ್ಟು ಪೈರು ಎದ್ದಿತೆಂದರೆ ಕಿಟಕಿಯಿಂದ ಬರುವ ಬೆಳಕಿನಲ್ಲಿ ಹಸಿರು ಬೆರೆತಿರುತ್ತದೆ. ಬಿಳಿ ಟೈಲ್ಸು ನೋಡುವವರಿಗೆ ಅದೊಂದು ರೋಗ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಇಲೆಕ್ಟ್ರಾನಿಕ್ಸ್ ಓದಿದವಳು. ಹೊರದೇಶದಿಂದ ಬಂದ ಕ್ಯಾಮೆರಾವನ್ನು ಕಂಪ್ಯೂಟರಿಗೆ ಕಟ್ಟಿ, ಟೈಲ್ಸಿನ ಮೇಲಿನ ಸೂಜಿತೂತು, ಕೂದಲುಬಿರುಕು, ಗ್ಲೇಜು ಎಂಬ ಹೊಳಪಿನ ಲೇಪ ಮಂಕಾದದ್ದು, ಇವನ್ನು ಅದರಿಂದ ಹಿಡಿಸುವುದು ನನ್ನ ಕೆಲಸ. ಅಲ್ಲಿಯವರೆಗೆ ಅದನ್ನು ಆರು ಹೆಂಗಸರು ಒಂದು ಉದ್ದ ಮೇಜಿನ ಮುಂದೆ ಕುಳಿತು ಬರಿಗಣ್ಣಿನಿಂದ ಮಾಡುತ್ತಿದ್ದರು. ಮೊದಲ ದರ್ಜೆಯದು ದೂರದ ಊರುಗಳಿಗೆ ಹೋಗುತ್ತಿತ್ತು. ಎರಡನೇ ದರ್ಜೆಯದು ಇಲ್ಲೇ, ಕೆ.ಆರ್. ಪೇಟೆ, ನಾಗಮಂಗಲದ ಬಚ್ಚಲುಮನೆಗಳಿಗೆ, ಬೆಳ್ಳೂರು ಕ್ರಾಸಿನ ಹೋಟೆಲು ಗೋಡೆಗಳಿಗೆ. ಮ್ಯಾನೇಜರು ಮೊದಲ ದಿನವೇ ಹೇಳಿದ್ದರು: "ಹತ್ತು ದಿನ ತಪ್ಪಿಲ್ಲದೆ ಓಡಿಸಿ ತೋರಿಸಿ. ಆಮೇಲೆ ಆ ಮೇಜು ಬೇಕಾಗಿಲ್ಲ."

ಒಂಟಿ ಹುಡುಗಿಗೆ ಪಾಂಡವಪುರದಲ್ಲಿ ಯಾರೂ ಮನೆ ಕೊಡಲಿಲ್ಲ. ಗಂಡ ಯಾವಾಗ ಬರ್ತಾರೆ ಎಂದು ಕೇಳಿ, ಬರುವವನಿಲ್ಲ ಎಂದು ತಿಳಿದ ಮೇಲೆ ಬಾಗಿಲು ಅರ್ಧ ಮುಚ್ಚುತ್ತಿದ್ದರು. ಕಡೆಗೆ ಕರೆದದ್ದು ಜಯಮ್ಮ: "ನಮ್ಮನೆ ಹಿತ್ಲ ರೂಮ್ ಖಾಲಿ ಐತೆ, ಬಂದ್ಬುಡು." ಆಗ ಅವರಿಗೆ ಮ್ಯಾನೇಜರ ಮಾತು ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ಬರೆದರೆ ನನಗೆ ಅನುಕೂಲ. ಗೊತ್ತಿತ್ತು ಎಂದೇ ಅನಿಸುತ್ತದೆ.

ಮುದ್ದೆ ನುಂಗುವುದನ್ನು ಅವರ ಗಂಡ ಸಿದ್ದೇಗೌಡರು ಕಲಿಸಿದರು. ಉಪ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ಉಪ್ಪುನೀರು, ಖಾರವನ್ನು ಬೇರೆ ಅರೆದು ತಟ್ಟೆಯ ಅಂಚಿಗಿಡುತ್ತಾರೆ. ನಾನು ಆ ಖಾರವನ್ನೇ ರೊಟ್ಟಿಗೆ ಹಚ್ಚುವ ಚಟ್ನಿಯಂತೆ ಬಾಚಿ ತಿಂದೆ. "ಲೇ, ನೀರ್ ತತ್ತಾಲೇ ಜಯಾ! ಗದಗಿಗೆ ಬೆಂಕಿ ಬಿತ್ತು!" ಎಂದು ಗೌಡರು ಕೂಗಿದ್ದು ಮೂರು ಮನೆಗೆ ಕೇಳಿರಬೇಕು.

ಬೆಳಕಿನ ರೋಗಕ್ಕೆ ನಾನು ಒಂದು ಮದ್ದು ಬರೆದೆ. ಪ್ರತಿ ಚಿತ್ರದ ಒಟ್ಟು ಬೆಳಕನ್ನು ಕಂಪ್ಯೂಟರು ಅಳೆಯಬೇಕು. ಕಡಿಮೆಯಿದ್ದರೆ ಕ್ಯಾಮೆರಾದ ಕಣ್ಣನ್ನು ಇನ್ನಷ್ಟು ಹೊತ್ತು ತೆರೆದಿಡಬೇಕು, ಹೆಚ್ಚಿದ್ದರೆ ಬೇಗ ಮುಚ್ಚಬೇಕು. ಪಂಪು ಬಂದರೂ ಹೋದರೂ ಚಿತ್ರ ಒಂದೇ ಸಮ. ಮೂರು ದಿನ ರಿಜೆಕ್ಟ್ ಪೆಟ್ಟಿಗೆ ಹೆಚ್ಚುಕಮ್ಮಿ ಖಾಲಿ. ನಾನು ಮನೆಗೆ ಕಾಗದ ಬರೆದೆ. ಗೆದ್ದೆ ಎಂದೇ ಬರೆದಿರಬೇಕು.

ನಾಲ್ಕನೆಯ ದಿನ ಜಯಮ್ಮ ಪಾಸಾದ ರಾಶಿಯಿಂದ ಐದು ಟೈಲ್ಸು ತಂದು ನನ್ನ ಮುಂದಿಟ್ಟರು.

"ಇವು ಮಂಕು. ನಿನ್ನ ಮಿಸನ್ನು ಬುಟ್ಬುಟ್ಟೈತೆ."

"ಇಲ್ಲರೀ, ಬೆಳಕು ಸರಿ ಐತಿ, ನಂಬರ್ ನೋಡ್ರಿ," ಎಂದೆ.

"ನಂಬರ್ ನೀನೇ ನೋಡ್ಕೊ. ಟೈಲ್ಸ್ ನೋಡು ಅಂದೆ ನಾನು."

ಮಂಕಾಗಿದ್ದವು. ಗ್ಲೇಜು ಸತ್ತ ಟೈಲ್ಸು ಬಂದಾಗ ನನ್ನ ಮದ್ದು ಅದನ್ನೂ ಬೆಳಕಿನ ಕೊರತೆ ಎಂದುಕೊಂಡು ಬೆಳಗಿಸಿ ಪಾಸು ಮಾಡಿತ್ತು. ತಪ್ಪು ದೀಪದ್ದೋ ಟೈಲ್ಸಿನದೋ ಎಂದು ತಿಳಿಯುವ ದಾರಿಯನ್ನೇ ನಾನು ಅದಕ್ಕೆ ಕೊಟ್ಟಿರಲಿಲ್ಲ.

"ನೀವು ಹೆಂಗ ಗುರುತ ಹಿಡೀತೀರಿ? ಕಿಟಕಿ ಬೆಳಕೂ ಬದಲಾಗತೈತಲ್ಲ?"

ಜಯಮ್ಮನ ಎಡಗೈ ಹತ್ತಿರ ಅಂಚು ಸವೆದ ಹಳೆಯ ಟೈಲ್ಸೊಂದು ಯಾವಾಗಲೂ ಇರುತ್ತಿತ್ತು. ಅದನ್ನೆತ್ತಿ ತೋರಿಸಿದರು.

"ನಮ್ಮ ಆಲೆಮನೇಲಿ ಬೆಲ್ಲದ ಬಣ್ಣ ಎಂಗೆ ನೋಡ್ತೀವಿ? ಚೆನ್ನಾಗ್ ಬಂದಿದ್ದ ಒಂದು ಅಚ್ಚು ಎತ್ತಿಟ್ಕೊಂಡಿರ್ತೀವಿ. ಹೊಸಾದ್ನ ಪಕ್ಕಕ್ ಇಡಿಯೋದು. ಬಿಸ್ಲಾದ್ರೆ ಎರಡಕ್ಕೂ ಬಿಸ್ಲು, ಕತ್ಲಾದ್ರೆ ಎರಡಕ್ಕೂ ಕತ್ಲು. ಇದೂ ಅಂಗೇ ಕಣವ್ವ."

ಆಲೆಮನೆ ಎಂದರೆ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಶೆಡ್ಡು. ಅದರ ಹೊಗೆ ನನ್ನ ರೂಮಿನ ಕಿಟಕಿಗೇ ಬರುತ್ತಿತ್ತು. ದಿನವೂ ಕಂಡದ್ದು ನನಗೆ ಕಂಡಿರಲಿಲ್ಲ.

ಹೀಗೆ ಒಂದೇ ಉಸಿರಿನಲ್ಲಿ ಅವರು ಹೇಳಿದರೇ? ಇಲ್ಲ. ಎರಡು ಮೂರು ದಿನ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ನಾನು ಜೋಡಿಸಿದ್ದೇನೆ. ನೆನಪೂ ಮಂಕಾದದ್ದನ್ನು ಬೆಳಗಿಸಿಯೇ ಪಾಸು ಮಾಡುತ್ತದೆ. ಆದರೆ ಆಮೇಲೆ ನಾನು ಕೇಳಿದ ಮಾತು ಮಾತ್ರ ತುಂಡಾಗಿಲ್ಲ.

"ಆ ಟೈಲ್ಸು ನನಗ ಕೊಡ್ತೀರೇನ್ರಿ?"

ಜಯಮ್ಮ ನನ್ನನ್ನು ನೋಡಿದರು. ಮೇಜಿನ ಉಳಿದ ಐವರನ್ನು ನೋಡಿದರು. "ತಗೊ. ಕೊಡ್ದಿದ್ರೆ ನೀನೇನ್ ಬುಟ್ಟೀಯಾ?"

ಕ್ಯಾಮೆರಾದ ಕಣ್ಣಿನ ಅಂಚಿಗೆ ಬರುವಂತೆ, ಬೆಲ್ಟಿನ ಪಕ್ಕದಲ್ಲಿ ಅದನ್ನು ಸ್ಕ್ರೂ ಹಾಕಿ ಕೂರಿಸಿದೆ. ಇನ್ನು ಕಂಪ್ಯೂಟರು ಬೆಳಕು ಅಳೆಯುವುದು ಆ ಒಂದು ಟೈಲ್ಸಿನ ಮೇಲೆ ಮಾತ್ರ. ಅದು ಮಂಕಾದರೆ ದೀಪದ ತಪ್ಪು, ಕ್ಯಾಮೆರಾ ತನ್ನನ್ನು ತಿದ್ದಿಕೊಳ್ಳಬೇಕು. ಅದು ಸರಿಯಿದ್ದು ಬೆಲ್ಟಿನ ಮೇಲಿನದು ಮಂಕಾದರೆ ಟೈಲ್ಸಿನದೇ ತಪ್ಪು, ತಳ್ಳಬೇಕು. ಪಂಪು ಬಂತು, ಹೋಯಿತು, ಪಾಳಿ ಬದಲಾಯಿತು. ಹತ್ತು ದಿನ ಒಂದು ತಪ್ಪೂ ಇಲ್ಲ.

ಹನ್ನೊಂದನೆಯ ದಿನ ಮೇಜು ಎತ್ತಿಸಿದರು. ಆರು ಹೆಂಗಸರಿಗೂ ನಾಳೆಯಿಂದ ಬರಬೇಡಿ ಎಂದರು. ದಿನಕ್ಕೆರಡು ಸಲ ಆ ಟೈಲ್ಸಿನ ಧೂಳು ಒರೆಸಲು ಒಬ್ಬರು ಬೇಕೇ ಬೇಕು, ಅನುಭವದ ಕಣ್ಣಿರಬೇಕು, ಜಯಮ್ಮನೇ ಆಗಬೇಕು ಎಂದು ನಾನು ಮ್ಯಾನೇಜರಿಗೆ ಬರೆದುಕೊಟ್ಟೆ. ಅವರು ಒಪ್ಪಿದರು. ಜಯಮ್ಮ ಒಪ್ಪಲಿಲ್ಲ.

"ಕಣ್ಣಿನ್ ಕೆಲ್ಸ ಕಿತ್ಕಂಡು ಕೈಗ್ ಬಟ್ಟೆ ಕೊಡ್ತೀಯಾ? ಬ್ಯಾಡ ಕಣವ್ವ. ನನ್ ಟೈಲ್ಸ್ ನಂಗ್ ಕೊಡು."

ಸ್ಕ್ರೂ ಬಿಚ್ಚಿ ಕೊಟ್ಟೆ. ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ನಂಬರು ಹೊಂದಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅವರು ಬಾಗಿಲಲ್ಲಿ ನಿಂತೇ ಇದ್ದರು.

"ಅದಿಲ್ದೇನೂ ನಡೀತದಾ?"

"ನಡೀತದ್ರೀ."

ರೂಮು ಬಿಡು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಹಗುರಾಗುತ್ತಿತ್ತು. ಟೈಲ್ಸು ಮಜ್ಜಿಗೆ ಗಡಿಗೆಯ ಮುಚ್ಚಳವಾಯಿತು.

ರಜೆಗೆ ಗದಗಿಗೆ ಹೋದೆ. ಕಣ್ಣು ಕುಕ್ಕುವ ಬಿಸಿಲು. ನಾನು "ಅಂಗಲ್ಲವ್ವ" ಎಂದದ್ದಕ್ಕೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಇದ್ಯಾವ ಊರಿನ ಮಾತ ಕಲ್ತು ಬಂದಿ?" ಎಂದಳು. ತಂಗಿ ನಕ್ಕಳು. ಎರಡು ದಿನ ಮೊದಲೇ ಹೊರಟೆ. ಅವ್ವ ಖಡಕ್ ರೊಟ್ಟಿ ಕಟ್ಟಿಕೊಟ್ಟಳು.

ಪಾಂಡವಪುರದಲ್ಲಿ ಜಯಮ್ಮ ಗಂಟು ಬಿಚ್ಚಿ ಒಂದು ರೊಟ್ಟಿ ಎತ್ತಿದರು. ಗಡಿಗೆಯ ಮೇಲಿನ ಟೈಲ್ಸು ತೆಗೆದು ಸೆರಗಿನಿಂದ ಒರೆಸಿ, ರೊಟ್ಟಿಯನ್ನು ಅದರ ಪಕ್ಕಕ್ಕೆ ಹಿಡಿದರು. ಮೇಜಿನಲ್ಲಿ ಮಾಡುತ್ತಿದ್ದ ಹಾಗೆಯೇ ಒಂದು ಕಣ್ಣು ಕಿರಿದು ಮಾಡಿ ನೋಡಿದರು.

"ಮಂಕು. ಎರಡ್ನೇ ದರ್ಜೆ," ಎಂದರು. "ಇದು ಇಲ್ಲೇ ಇರ್ಲಿ ಬುಡು."

ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು, ಅರ್ಧ ತಾವು ತಿಂದರು. ಅವರು ನಗಲಿಲ್ಲ. ನಾನು ಉಪ್ಸಾರಿನ ಖಾರಕ್ಕೆ ಅದನ್ನು ಅದ್ದಿದೆ, ಈ ಸಲ ಸ್ವಲ್ಪವೇ.