ಮುದ್ದಕ್ಕ ಹೊರಗೆ ಕೂರುವ ಭಾನುವಾರ

ನಮ್ಮ ಹಾಸ್ಟೆಲಿನ ಅಡುಗೆಯ ಮುದ್ದಕ್ಕ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ, ಊರು ಹಿಡಿದು ಕರೆಯುತ್ತಾಳೆ. ಹಿರಿಯೂರಿನ ಮೋನಿಕಾ ಅವಳ ಬಾಯಲ್ಲಿ ಬರೀ ‘ಹಿರಿಯೂರು’. ಮೇಘಶ್ರೀ ‘ಹೊಳಲ್ಕೆರೆ’. ಅಂಜಲಿ ಎಂಬ ಒಳ್ಳೆಯ ಹೆಸರಿರುವ ನಾನು ‘ಹೊಸದುರ್ಗ’.

“ಏ ಹೊಸದುರ್ಗ, ತಟ್ಟೆ ತೊಳೀದೆ ಎದ್ದು ಹೋಗ್ತೀಯೇನೆ? ನಿಮ್ಮವ್ವ ಇದ್ನೇ ಕಲ್ಸಿದ್ಲಾ?”

ಅಡುಗೆಮನೆ ಕಿಟಕಿಯಿಂದ ಅವಳು ಹೀಗೆ ಕೂಗಿದರೆ ಇಡೀ ತಾಲ್ಲೂಕಿನ ಮಾನ ನನ್ನಿಂದಲೇ ಹೋಯಿತೇನೋ ಅನ್ನಿಸಿ ಮೈ ಉರಿಯುತ್ತಿತ್ತು. ನಾನೂ ಸುಮ್ಮನಿರುವವಳಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಅಲ್ಲೇ ನಿಂತು ಜಗಳಕ್ಕೆ ಬೀಳುತ್ತಿದ್ದೆ. ಜಗಳ ಮುಗಿಯುವಷ್ಟರಲ್ಲಿ ಅವಳು ನನ್ನ ತಟ್ಟೆಗೆ ಶೇಂಗಾ ಚಟ್ನಿ ಹಾಕಿ ಮುಗಿಸಿರುತ್ತಿದ್ದಳು.

ಎಂ.ಎ. ಓದಲು ಚಿತ್ರದುರ್ಗಕ್ಕೆ ಬಂದಾಗ ನಾನು ಮೊದಲು ಹಿಡಿದದ್ದು ಊರೊಳಗಿನ ಒಂದು ಬಾಡಿಗೆ ರೂಮು. ಅಡುಗೆ ನನ್ನದೇ. ಅಡುಗೆ ಅಂದರೇನು, ಬೆಳಿಗ್ಗೆ ಮಂಡಕ್ಕಿ, ರಾತ್ರಿ ಮೊಸರನ್ನ. ಕ್ಯಾಂಪಸ್ಸು ಊರಾಚೆ, ಬಸ್ಸಿನಲ್ಲಿ ನಿಂತು ಹೋಗಬೇಕು. ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತೆಂದು ಖುಷಿಯಿಂದ ಬಂದರೆ ಒಂದು ಕೋಣೆಗೆ ಮೂವರು, ಬಿಸಿನೀರು ಮೊದಲು ಎದ್ದವರಿಗೆ ಮಾತ್ರ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಸೀದಾ ನಮ್ಮ ಕಿಟಕಿಗೇ. ಮೊದಲ ದಿನವೇ ವಾಪಸ್ ಹೋಗೋಣ ಅನ್ನಿಸಿತ್ತು. ಮಧ್ಯಾಹ್ನ ಮೆಸ್ಸಿನಲ್ಲಿ ಮುದ್ದಕ್ಕನ ಬಿಸಿ ಮುದ್ದೆ, ಹುರುಳಿಕಾಳು ಸಾರು ಉಂಡ ಮೇಲೆ ಹೋಗಿ ಬ್ಯಾಗು ಬಿಚ್ಚಿದೆ.

ಮುದ್ದಕ್ಕ ತುರುವನೂರಿನ ಆಚೆಯ ದನಕುರಿ ಮೇಯಿಸುವ ಮ್ಯಾಸನಾಯಕರ ಒಂದು ಹಟ್ಟಿಯವಳು. ಗಂಡ ದಾಸಣ್ಣ ಕುರಿ ಹೊಡೆದುಕೊಂಡು ಮೇವು ಹುಡುಕುತ್ತಾ ಹೋದನೆಂದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಹಾಸ್ಟೆಲು ಶುರುವಾದಾಗ ಅಡುಗೆಗೆ ಬಂದವಳು ಇವಳು, ಉಗ್ರಾಣದ ಪಕ್ಕದ ಕೋಣೆಯಲ್ಲೇ ವಾಸ. “ಅವ್ನು ಕುರಿ ಕಾಯ್ತಾನೆ, ನಾನು ನಿಮ್ನ ಕಾಯ್ತೀನಿ. ಕುರಿನೇ ವಾಸಿ ಕಣ್ರೇ, ಉಪ್ಪಿಟ್ಟು ಕಂಡ್ರೆ ಮುಖ ಸಿಂಡರಿಸಲ್ಲ” ಅನ್ನುತ್ತಾಳೆ. ರಿಸಲ್ಟ್ ಬಂದ ದಿನ ಊಟಕ್ಕೆ ಇಳಿಯದ ಹುಡುಗಿಯರ ಕೋಣೆಗೆ ಇವಳೇ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಮೇಘಶ್ರೀ ಒಂದು ಪೇಪರು ಕಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, “ಫೇಲಾದದ್ದು ಪರೀಕ್ಷೆಯಾಗೆ, ಹೊಟ್ಟೆ ಏನು ಮಾಡೈತೆ? ಏಳು ಮೇಲೆ!” ಎಂದು ಗದರಿ, ತುತ್ತು ಮುರಿದು ಬಾಯಿಗೇ ಇಟ್ಟಿದ್ದಳು. ಆ ಹುಡುಗಿ ಅಳುತ್ತಳುತ್ತಲೇ ಒಂದಿಡೀ ಮುದ್ದೆ ನುಂಗಿದಳು.

ಇಂಥವಳು ಭಾನುವಾರ ಮಾತ್ರ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಭಾನುವಾರ ನಮಗೆ ಕೋಳಿ ಸಾರು. ಅವರ ಹಟ್ಟಿಯವರಿಗೆ ಕೋಳಿ ಆಗುವುದಿಲ್ಲ.

“ಕುರಿ ತಿಂತೀವವ್ವ. ಕೋಳಿ ಸಾಕಲ್ಲ, ತಿನ್ನಲ್ಲ, ಮುಟ್ಟಲ್ಲ. ನಮ್ಮ ದೇವ್ರಿಗೆ ಆಗಿಬರಲ್ಲ” ಎಂದು ಒಮ್ಮೆ ಹೇಳಿದ್ದಳು. ಅಷ್ಟೇ, ಅದರ ಮೇಲೆ ಮಾತಿಲ್ಲ. ಅವತ್ತಿನ ಅಡುಗೆಯೆಲ್ಲ ಜೊತೆಗಾರ್ತಿ ನಿಂಗಕ್ಕನದು. ಮುದ್ದಕ್ಕ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ಹೊರಗೆ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುತ್ತಿದ್ದಳು.

ಈ ವರ್ಷ ನಿಂಗಕ್ಕ ಮಗಳ ಬಾಣಂತನಕ್ಕೆಂದು ಐಮಂಗಲಕ್ಕೆ ಹೋದಳು. ಭಾನುವಾರಗಳು ಮುದ್ದಕ್ಕನ ಬದನೆಕಾಯಿ ಸಾರಿನಲ್ಲಿ ಕಳೆಯತೊಡಗಿದವು. ಹುಡುಗಿಯರ ಗೊಣಗಾಟ ಜೋರಾಯಿತು, ಎಲ್ಲರಿಗಿಂತ ಜೋರು ಮೋನಿಕಾಳದು. ನಾನು ಮೆಸ್ ಕಮಿಟಿಯ ಕಾರ್ಯದರ್ಶಿ, ಬೈಗುಳವೆಲ್ಲ ನನ್ನ ತಲೆಗೇ. ಕೊನೆಗೆ ವಾರ್ಡನ್ ಆಶಾರಾಣಿ ಮೇಡಂ ನನ್ನನ್ನೂ ಮುದ್ದಕ್ಕನನ್ನೂ ಕರೆಸಿದರು.

“ಮುದ್ದಕ್ಕ, ಟೌನಿನ ಕೇಟರಿಂಗಿನವರು ಇಡೀ ಮೆಸ್ಸನ್ನೇ ವಹಿಸ್ಕೊಳ್ತೀವಿ ಅಂತಿದಾರೆ. ಅವರ ಅಡುಗೆಯವರು ಅವರಿಗೇ ಇದಾರೆ, ಇನ್ಯಾರನ್ನೂ ಇಟ್ಕೊಳ್ಳಲ್ಲ. ನಾನೂ ಮೇಲಿನವರಿಗೆ ಉತ್ತರ ಹೇಳ್ಬೇಕಲ್ಲ? ಈ ಭಾನುವಾರ ಕೋಳಿ ಸಾರು ಆಗ್ಲಿ, ನಾನೂ ಊಟಕ್ಕೆ ಬರ್ತೀನಿ. ಆಗಲ್ಲ ಅಂದ್ರೆ ಅವರಿಗೆ ಕೊಡದೆ ಬೇರೆ ದಾರಿ ಇಲ್ಲ.”

ಮೇಡಂ ಕೆಟ್ಟವರಲ್ಲ, ಹೇಳುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು. ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುವ ಮುದ್ದಕ್ಕ, “ಆಗ್ಲಿ ಮೇಡಂ” ಎಂದಷ್ಟೇ ಹೇಳಿ ಹೊರಟಳು. ನನಗೆ ಅದೇ ಭಯವಾಯಿತು.

ಭಾನುವಾರ ಕೋಳಿ ಬಂತು. ಮೋನಿಕಾ, ಮೇಘಶ್ರೀ, ನಾನು ಅಡುಗೆಮನೆಯಲ್ಲಿ ಏನು ಮಾಡುವುದೆಂದು ಮುಖಮುಖ ನೋಡಿಕೊಂಡು ನಿಂತಿದ್ದೆವು. ಬಾಗಿಲಲ್ಲಿ ಮುದ್ದಕ್ಕ ಕಾಣಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ಕೊಡ್ರಿಲ್ಲಿ ಸೌಟು.”

“ನೀನಾ?” ಎಂದಳು ಮೋನಿಕಾ. “ನಿಮ್ಮ ಹಟ್ಟಿಯೋರಿಗೆ ಗೊತ್ತಾದ್ರೆ?”

“ಆದ್ರೆ ಆಗ್ಲಿ. ದೇವ್ರಿಗೆ ತಪ್ಪುಕಾಣಿಕೆ ಕಟ್ತೀನಿ, ಹಟ್ಟಿಯೋರ ಕಾಲಿಗೆ ಬೀಳ್ತೀನಿ. ನಿಮ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?”

ಮಾತು ಹೀಗಂದರೂ ಅವಳ ಕಾಲು ಹೊಸ್ತಿಲು ದಾಟಿರಲಿಲ್ಲ. ಅಳು ಬಂದರೂ ನನಗೆ ಅದು ಕೋಪವಾಗಿಯೇ ಹೊರಗೆ ಬರುತ್ತದೆ.

“ಒಳಗೆ ಕಾಲಿಟ್ರೆ ನೋಡು ಮತ್ತೆ! ನಿನ್ನ ಕೈಲಿ ಇದನ್ನ ಮುಟ್ಟಿಸಿ ನಾವು ಉಣ್ಣಬೇಕಾ? ಅನ್ನ ಇಳೀತದಾ ಗಂಟಲಾಗೆ? ನಡಿ, ನಿನ್ನ ಕಲ್ಲಿನ ಮೇಲೆ ಹೋಗಿ ಕುಂತ್ಕ!”

ಸೌಟು ತೆಗೆದು ಮೋನಿಕಾಳ ಕೈಗೆ ತುರುಕಿದೆ. “ಕೋಳಿ ಕೋಳಿ ಅಂತ ಬಾಯಿ ಬಡ್ಕಂಡೋಳು ನೀನೇ ಅಲ್ಲೇನೆ? ಮಾಡು.” ಅವಳು ಕೋಳಿ ತೊಳೆಯತೊಡಗಿದಳು. ಕೋಳಿ ತಿನ್ನದ ಮೇಘಶ್ರೀ ಪಕ್ಕದ ಒಲೆಯಲ್ಲಿ ಬೇರೆ ಪಾತ್ರೆಯಿಟ್ಟು ಸೊಪ್ಪಿನ ಸಾರಿಗೆ ನಿಂತಳು. ನಾನು ರಾಗಿ ಹಿಟ್ಟು, ಕೋಲು ಹಿಡಿದೆ.

ಮುದ್ದಕ್ಕ ಹೊರಗೆ ಹೋದಳೇನೋ ಸರಿ, ಬಾಯಿ ಒಳಗೇ ಇತ್ತು. ಕಲ್ಲಿನ ಮೇಲೆ ಕೂರಲಾರದೆ ಕಿಟಕಿಯ ಹೊರಗೆ ನಿಂತು ಕೂಗುತ್ತಿದ್ದಳು.

“ಬೆಂತಾ?”

“ಬೆಂದಂಗೈತೆ!” ಎಂದಳು ಮೋನಿಕಾ.

“ಬೆಂದಂಗೈತೆ ಅಂದ್ರೆ ಬೆಂದಿಲ್ಲ ಅಂತ. ಇನ್ನೂ ಉರಿ ಮಾಡು. ಬಾಡು ಅಂದ್ರೆ ಸುಮ್ನೆ ಬೇಯ್ತೈತಾ?”

ಮುದ್ದಕ್ಕ ಹೇಳಿದ ಮೇಲೆ ಮುಗಿಯಿತು. ಮೂವರೂ ಎಂ.ಎ. ಓದುವವರು, ಹುಟ್ಟಿದಾಗಿನಿಂದ ಕೋಳಿ ತಿಂದವರಿಬ್ಬರು, ಒಬ್ಬರ ತಲೆಗಾದರೂ ಹೊಳೆಯಬೇಡವೇ? ಅವಳು ಹೇಳುತ್ತಿದ್ದದ್ದು ಕುರಿಯ ಹದ. ಜನ್ಮದಲ್ಲಿ ಒಂದು ಕೋಳಿ ಬೇಯಿಸಿದವಳಲ್ಲ. ಕೊನೆಗೆ ಮುಚ್ಚಳ ತೆಗೆದರೆ, ಅಯ್ಯೋ ಶಿವನೇ, ತುಂಡು ಎಂಬುದು ಹೆಸರಿಗೂ ಇಲ್ಲ. ಕೆಂಪು ಗೊಜ್ಜಿನಲ್ಲಿ ಮೂಳೆಗಳು ತೇಲುತ್ತಿದ್ದವು.

ಮೇಡಂ ಹೇಳಿದ ಹೊತ್ತಿಗೆ ಬಂದು ಕೂತರು. ಸಾರಿನಲ್ಲಿ ಬೆರಳಾಡಿಸಿದರು.

“ಕೋಳಿ ಎಲ್ಲಿ?”

“ಸಾರಿನ ತುಂಬಾ ಐತೆ ಮೇಡಂ” ಎಂದಳು ಮೋನಿಕಾ. ಎಲ್ಲರೂ ತಲೆ ತಗ್ಗಿಸಿ ಸೊರಸೊರ ಉಣ್ಣತೊಡಗಿದರು.

“ಯಾರು ಮಾಡಿದ್ದು?”

ನಾನು ಎದ್ದು ನಿಂತೆ. “ನಾವೇ ಮೇಡಂ. ಮುದ್ದಕ್ಕ ಒಳಗೆ ಬಂದಿಲ್ಲ, ಬರೋದೂ ಬೇಡ. ಇನ್ಮೇಲೆ ಭಾನುವಾರದ ಅಡುಗೆ ನಮ್ದು, ಸರದಿ ಮೇಲೆ ಮಾಡ್ತೀವಿ. ಕೋಳಿ ಹಿಂಗೇ ಇರ್ತೈತೆ. ಇದು ಬ್ಯಾಡ, ಕೇಟರಿಂಗೇ ಬೇಕು ಅನ್ನೋರು ಕೈ ಎತ್ರಿ ನೋಡಾಣ!”

ಒಂದು ಕೈಯೂ ಏಳಲಿಲ್ಲ. ಮೋನಿಕಾ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಮೇಡಂ ಎಲ್ಲರ ಮುಖವನ್ನೂ ನೋಡಿದರು, ಕಿಟಕಿಯಾಚೆ ಬೇವಿನ ಮರದ ಕಡೆಗೂ ನೋಡಿದರು. ಆಮೇಲೆ ತಟ್ಟೆ ಮುಂದಕ್ಕೆ ಸರಿಸಿದರು.

“ಇನ್ನೊಂದು ಸೌಟು ಹಾಕಮ್ಮ. ಕೇಟರಿಂಗಿನವರಿಗೆ ನಾನು ಹೇಳ್ತೀನಿ. ಮುಂದಿನ ವಾರ ಮಾತ್ರ ದಯವಿಟ್ಟು ಬೇಗ ಇಳಿಸ್ರಿ.”

ಮೆಸ್ಸು ಗೊಳ್ಳೆಂದಿತು. ಮೇಘಶ್ರೀ ಬೇರೆ ತಟ್ಟೆಯಲ್ಲಿ ಸೊಪ್ಪಿನ ಸಾರು ಬಡಿಸಿದಳು, ನಾನು ಮುದ್ದೆ ಇಟ್ಟೆ, ಇಬ್ಬರೂ ಬೇವಿನ ಮರದ ಕಡೆ ಓಡಿದೆವು. ಒಳಗೆ ಆದದ್ದನ್ನೆಲ್ಲ ಹೇಳಿದೆವು. ಮುದ್ದಕ್ಕ ತಟ್ಟೆಯನ್ನೇ ನೋಡುತ್ತಾ ಕೂತಳು.

“ನಾನು ಕುಂತಲ್ಲಿಗೆ ತಟ್ಟೆ ತಂದ್ಕೊಟ್ಟೋರು ಯಾರೂ ಇಲ್ಲ ಕಣ್ರವ್ವ, ನಮ್ಮವ್ವ ಹೋದ ಮೇಲೆ” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಅಷ್ಟರಲ್ಲಿ ಅವಳು ಮುದ್ದೆ ಮುರಿದಳು. ನಡುವೆ ಒಣ ಹಿಟ್ಟು ಬೆಳ್ಳಗೆ ನಕ್ಕಿತು.

“ಥೂ! ಗಂಟು ಗಂಟು. ಹೊಸದುರ್ಗದಾಗೆ ಮುದ್ದೆ ಹಿಂಗೇ ತಿರುವ್ತಾರೇನೆ?”

ನನ್ನ ಕೋಪ ನೆತ್ತಿಗೇರಿತು. ಜಗಳಕ್ಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಮುದ್ದಕ್ಕ ಗಂಟುಗಳನ್ನೂ ಬಿಡದೆ ಪೂರ್ತಿ ನುಂಗಿ, ಖಾಲಿ ತಟ್ಟೆಯನ್ನು ನನ್ನ ಮುಂದೆ ಹಿಡಿದಿದ್ದಳು.

“ನೋಡ್ಕಂತ ನಿಂತೀಯಲ್ಲ, ಇನ್ನರ್ಧ ತಗಂಬಾ.”