ನಿರ್ಗಮಿಸಲು ಬಯಸುವಿರಾ?

ಅಕ್ಕ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡ ನಿಂತುಹೋಯಿತು. ಮನೆ ಎಂದರೆ ಪುಣೆಯ ಕಸಬಾ ಪೇಟೆಯ ಹಳೇ ವಾಡೆಯೊಂದರ ಮೇಲಂತಸ್ತಿನ ಎರಡು ಕೋಣೆ. ತೊಂಬತ್ತರ ದಶಕದಲ್ಲಿ ಚಾಕಣದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಾಗ ಅಕ್ಕ ವಿಜಾಪುರದ ಕಡೆಯಿಂದ ನನ್ನ ಜೊತೆ ಬಂದಳು. ಅವಳು ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ನಾನು ಮದುವೆಯ ಗೋಜಿಗೇ ಹೋಗದವನು. ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಹತ್ತು ಹನ್ನೆರಡು ವರ್ಷ ಚೆನ್ನಾಗಿಯೇ ಕಳೆದೆವು.

ನಾನು ಹೊಸ್ತಿಲು ದಾಟಿದರೆ ಮರಾಠಿ. ಹಾಲಿನವನ ಜೊತೆ ಮರಾಠಿ, ಕಂಪನಿ ಬಸ್ಸಿನಲ್ಲಿ ಮರಾಠಿ, ಸ್ಟೋರಿನಲ್ಲಿ ಬೈಯುವುದೂ ಮರಾಠಿಯಲ್ಲೇ. ಕನ್ನಡವೆಂಬುದು ಅಕ್ಕನ ಮುಂದೆ ಮಾತ್ರ. ಹೀಗಾಗಿ ಅವಳು ಹೋದಮೇಲೆ ಅದನ್ನು ಆಡಲು ಯಾರೂ ಉಳಿಯಲಿಲ್ಲ. ಒಂದು ಭಾನುವಾರ ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ‘ಅಯ್ಯ, ಹಾಳಾಗಿ ಹೋಗ್ಲಿ’ ಎಂದು ಬಾಯಿಂದ ಬಂತು. ಎಷ್ಟು ದಿನಗಳ ನಂತರ ಕನ್ನಡ ಆಡಿದೆನೆಂದು ಲೆಕ್ಕ ಹಾಕಲು ಹೋಗಿ ಭಯವಾಗಿ ಬಿಟ್ಟುಬಿಟ್ಟೆ.

ಅದೇ ಹೊತ್ತಿಗೆ ನಮ್ಮ ಆಫೀಸಿನವರು ಹಳೇ ಕಂಪ್ಯೂಟರುಗಳನ್ನು ತೆಗೆದುಹಾಕಿದರು. ಒಂದನ್ನು ನಾನು ತಂದೆ. ಅದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ, ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿ.ಡಿ. ಪುಕ್ಕಟೆ ಬರುತ್ತಿತ್ತು. ಲಿನಕ್ಸ್ ಯಾರೊಬ್ಬರ ಸ್ವತ್ತೂ ಅಲ್ಲ, ಊರೂರಿನ ಜನ ಸೇರಿ ಕಟ್ಟುವುದು, ಯಾರು ಬೇಕಾದರೂ ಹಾಕಿಕೊಳ್ಳಬಹುದು ಎಂದು ಅದರ ಮೇಲೆ ಬರೆದಿತ್ತು. ಎರಡು ಭಾನುವಾರ ಹೆಣಗಿದೆ. ಮೂರನೆಯ ಭಾನುವಾರ ಪರದೆ ಬೆಳಗಿ, ಯಾವ ಭಾಷೆ ಬೇಕೆಂದು ಕೇಳಿತು. ಉದ್ದನೆಯ ಪಟ್ಟಿಯಲ್ಲಿ ಕನ್ನಡವೂ ಇತ್ತು. ಹಿಂದೆಮುಂದೆ ನೋಡದೆ ಒತ್ತಿದೆ.

ಬಂದದ್ದು ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳು ಮಾತಾಡುವ ಹಾಗೆ. ಇದ್ದ ಕನ್ನಡವೋ, ಮದುವೆ ಪತ್ರಿಕೆಯ ಕನ್ನಡ. ಜೀವಮಾನವಿಡೀ ನಾನು ಹೊತ್ತು ತಿರುಗಿದ ಫೈಲಿಗೆ ಅದು ‘ಕಡತ’ ಎನ್ನುತ್ತಿತ್ತು. ತಪ್ಪು ಕಂಡರೆ ಸುಮ್ಮನಿರುವ ಗುಣ ನನ್ನದಲ್ಲ. ಸ್ಟೋರಿನಲ್ಲಿ ಒಂದು ಬೋಲ್ಟು ಬೇರೆ ಡಬ್ಬಿಯಲ್ಲಿ ಬಿದ್ದಿದ್ದರೂ ಮೂವರಿಗೆ ಚೀಟಿ ಕಳಿಸುತ್ತಿದ್ದೆ. ಇಲ್ಲಿಯೂ ಚೀಟಿ ಕಳಿಸಲು ಜಾಗವಿದೆಯೆಂದು ಗೊತ್ತಾದಾಗ ನನ್ನ ಖುಷಿ ಹೇಳತೀರದು. ಇಂಟರ್‌ನೆಟ್ಟಿನಲ್ಲಿ ಬಳಕೆದಾರರ ಸಲಹೆಗಳಿಗೆಂದೇ ಒಂದು ಪುಟ. ಮೇಲಿನ ಚೌಕದಲ್ಲಿ ಸಲಹೆ, ಕೆಳಗಿನ ಚೌಕದಲ್ಲಿ ಕಾರಣ.

ಬರೆದೆ, ಬರೆದೆ. ಕರೆಂಟು ಹೋಗುವ ಮುಂಚೆ ತಾನಾಗಿಯೇ ಎಲ್ಲವನ್ನೂ ಉಳಿಸಿಕೊಳ್ಳಲಿ. ಇದಕ್ಕೆ ಒಬ್ಬರು, ಕರೆಂಟು ಯಾವಾಗ ಹೋಗುತ್ತದೆಂದು ಕಂಪ್ಯೂಟರಿಗೆ ಹೇಗೆ ತಿಳಿಯಬೇಕೆಂದು ವಿನಯದಿಂದ ಕೇಳಿದರು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ತೋರಿಸಲಿ. ಅಕ್ಷರ ದಪ್ಪಗಿರಲಿ, ನಲವತ್ತು ದಾಟಿದವರೂ ಬದುಕಿದ್ದೇವೆ. ಕನ್ನಡದ ತಂಡವನ್ನು ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಎಲ್ಲಕ್ಕೂ ಉತ್ತರ ಬರೆಯುತ್ತಿದ್ದಳು. ‘ಸರ್, ನಿಮ್ಮ ಸಲಹೆ ಚೆನ್ನಾಗಿದೆ, ಆದ್ರೆ’ ಎಂದು ಅವಳ ಪತ್ರ ಶುರುವಾಗುತ್ತಿತ್ತು. ಆ ‘ಆದ್ರೆ’ ನೋಡಲಿಕ್ಕೇ ನಾನು ಬೆಳಿಗ್ಗೆ ಸ್ನಾನಕ್ಕೂ ಮೊದಲು ಯಂತ್ರ ಹಚ್ಚುತ್ತಿದ್ದೆ. ಯಾರೋ ಕನ್ನಡದಲ್ಲಿ ನನ್ನ ಮಾತು ತಳ್ಳಿಹಾಕುತ್ತಿದ್ದರು; ಅಷ್ಟಾದರೂ ಇತ್ತು.

ಆದರೆ ನನಗೆ ನಿಜವಾಗಿ ಬೇಕಾಗಿದ್ದ ಸಲಹೆ ಒಂದೇ. ಬಸ್ಸಿಗೆ ಹೊರಡುವ ಮುಂಚೆ ಕಂಪ್ಯೂಟರ್ ಮುಚ್ಚಲು ಹೋದರೆ ಅದು ಕೇಳುತ್ತಿತ್ತು: ‘ನೀವು ಖಚಿತವಾಗಿಯೂ ನಿರ್ಗಮಿಸಲು ಬಯಸುವಿರಾ?’ ಮೊದಲ ಸಲ ಓದಿದಾಗ ನಕ್ಕೆ. ಆಮೇಲೆ ದಿನಾ ಸಿಟ್ಟು ಬರತೊಡಗಿತು. ನಿರ್ಗಮಿಸುವುದು ನಾಟಕದ ರಾಜರು, ನಾನಲ್ಲ.

ನಾನು ಹೊರಡುವಾಗ ಅಕ್ಕ ಅಡುಗೆಮನೆಯಿಂದಲೇ ಕೇಳುತ್ತಿದ್ದಳು, “ಹೊಂಟ್ಯೇನೋ?”

“ಕಾಣ್ಸೂದಿಲ್ಲೇನು? ಚಪ್ಪಲಿ ಹಾಕ್ಕೊಂಡ್ ನಿಂತೀನಿ.”

“ಹೋಗಿ ಬಾ.”

ನಾನು ಬಂದ ಊರಿನಲ್ಲಿ ಹೊರಟವರಿಗೆ ‘ಹೋಗು’ ಎನ್ನುವುದಿಲ್ಲ. ಹೊರಟವನೂ ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾನೆ. ಬಾಗಿಲಲ್ಲಿ ‘ಹೋಗು’ ಎಂದರೆ ತಿರುಗಿ ಬರಬೇಡ ಎಂದ ಹಾಗೆ. ಅಕ್ಕನ ಆ ಪ್ರಶ್ನೆಗೆ ನಾನು ಒಂದು ದಿನವೂ ನೆಟ್ಟಗೆ ಉತ್ತರ ಕೊಟ್ಟವನಲ್ಲ. ಈಗ ಅದನ್ನು ಕೇಳಲು ಜೀವ ಬಿಡುತ್ತಿದ್ದೆ.

ಹಾಗಾಗಿ ಸಲಹೆಯ ಚೌಕದಲ್ಲಿ ಬರೆದೆ: ಯಂತ್ರ ಮುಚ್ಚುವಾಗ ‘ಹೊರಟಿರಾ? ಹೋಗಿ ಬನ್ನಿ’ ಎಂದಿರಲಿ. ಕಾರಣದ ಚೌಕದಲ್ಲಿ, ಇದು ನಮ್ಮ ಪದ್ಧತಿ, ‘ನಿರ್ಗಮಿಸು’ ಎಂಬುದು ಅಪಶಕುನ ಎಂದು ಎರಡು ಸಾಲು. ಅಕ್ಕನ ಸುದ್ದಿ ಎತ್ತಲಿಲ್ಲ. ಊರವರ ಮುಂದೆ ಮನೆಯದ್ದನ್ನೇಕೆ ಹೇಳಲಿ ಎನ್ನಿಸಿತು.

ಒಪ್ಪಿತವಾದ ಸಾಲನ್ನು ಬದಲಿಸಬೇಕಾದರೆ ಇನ್ನೂ ಮೂವರು ಬಳಕೆದಾರರು ಒಪ್ಪಬೇಕು ಎಂದು ಬೆಂಗಳೂರಿನಿಂದ ಉತ್ತರ ಬಂತು. ಮೂವರನ್ನು ಎಲ್ಲಿಂದ ತರಲಿ? ನನ್ನ ಬಸ್ಸಿನಲ್ಲಿ ಕಲಬುರ್ಗಿ ಕಡೆಯ ಒಬ್ಬ ಫೋರ್‌ಮನ್ ಇದ್ದ. ಗಾಜನ್ನೇ ಕನ್ನಡಿ ಮಾಡಿಕೊಂಡು ಮೀಸೆ ನೋಡಿಕೊಳ್ಳಲು ಸದಾ ಕಿಟಕಿಯ ಪಕ್ಕವೇ ಕೂರುವ ಆಸಾಮಿ. ಅಲ್ಲಿಯವರೆಗೆ ಅವನ ಜೊತೆಗೂ ಮರಾಠಿಯಲ್ಲೇ ನಮಸ್ಕಾರ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ನಾಚಿಕೆ ಬಿಟ್ಟು ಕೇಳಿದೆ.

“ಕಂಪ್ಯೂಟರ್‌ನ್ಯಾಗೂ ಇಲೆಕ್ಷನ್ ಬಂತೇನ್ರಿ?” ಎಂದು ನಕ್ಕ.

“ಒಂದ್ ಮತ ಹಾಕ್ರಿ ಅಂದ್ರ ಹಾಕ್ರಿ. ಭಾಷಣ ಬ್ಯಾಡ.”

“ಸಿಟ್ಟ ಯಾಕ್ರಿ, ಹಾಕೋಣು. ಆದ್ರ ಅದು ಹೋಗಿ ಬರ್ರಿ ಅಂದ್ರ ನಿಮಗೇನ್ ಬಂತ್ರಿ?”

“ನೀವು ಹೊಂಟಾಗ ಮನ್ಯಾಗ ಏನಂತಾರ?”

“ಬಾಗಲಾ ಎಳಕೊಂಡ್ ಹೋಗ್ರಿ ಅಂತಾರ.”

ನಾನೂ ನಕ್ಕೆ, ಆದರೆ ಒಳಗೆ ಹೊಟ್ಟೆ ಉರಿಯಿತು. ಹೇಳುವವರು ಇದ್ದಾರಲ್ಲ ಅವನಿಗೆ. ಆ ವಾರ ಅವನು ಸೈಬರ್ ಕೆಫೆಗೆ ಹೋಗಿ ಮತ ಹಾಕಿ ಬಂದ. ಮಾತಿಗೆ ತಪ್ಪದ ಮನುಷ್ಯ. ಇನ್ನಿಬ್ಬರು ಸಿಗಲೇ ಇಲ್ಲ. ಒಂದು ತಿಂಗಳು ದಿನಾ ಬೆಳಿಗ್ಗೆ ಪುಟ ತೆಗೆದು ನೋಡಿದೆ. ಒಂದು ಮತ. ಒಂದೇ ಮತ. ಇಡೀ ಕರ್ನಾಟಕದಲ್ಲಿ ಹೊರಟವರಿಗೆ ಒಂದು ಮಾತು ಹೇಳಬೇಕೆನ್ನುವವರು ಬೇರೆ ಯಾರೂ ಇಲ್ಲವೇ ಎಂದು ಪರದೆಯನ್ನೇ ಬೈದೆ.

ಕೊನೆಗೆ ಬೆಂಗಳೂರಿನವಳಿಂದ ಪತ್ರ ಬಂತು. ‘ಸರ್, ಇದನ್ನ ಎಲ್ಲರಿಗೂ ಮಾಡೋಕೆ ಆಗಲ್ಲ. ಆದ್ರೆ ಇದು ಲಿನಕ್ಸ್ ಅಲ್ವಾ, ನಿಮ್ಮ ಕಂಪ್ಯೂಟರಲ್ಲಿ ನೀವೇ ಬದಲಾಯಿಸ್ಕೋಬಹುದು. ಹೇಗೆ ಅಂತ ಕೆಳಗೆ ಬರ್ದಿದ್ದೀನಿ.’ ಅನುವಾದದ ಸಾಲುಗಳೆಲ್ಲ ಇರುವ ಫೈಲು ಎಲ್ಲಿದೆ, ಅದನ್ನು ತಿದ್ದಿ ಹೇಗೆ ಮರಳಿ ಸೇರಿಸಬೇಕು ಎಂದು ಒಂದೊಂದೇ ಹೆಜ್ಜೆ ಬಿಡಿಸಿ ಬರೆದಿದ್ದಳು. ಭಾನುವಾರ ಕೂತು ತಿದ್ದಿದೆ. ನನ್ನ ಮನೆಯ ಯಂತ್ರಕ್ಕೆ ‘ಬನ್ನಿ’ ಎನ್ನುವ ಮರ್ಯಾದೆ ಏಕೆ? ಅಕ್ಕ ಅನ್ನುತ್ತಿದ್ದುದನ್ನೇ ಬರೆದೆ.

ಸೋಮವಾರ ಬೆಳಿಗ್ಗೆ ಗುಂಡಿ ಒತ್ತಿದೆ. ಪರದೆಯ ನಡುವೆ ‘ಹೊಂಟ್ಯೇನೋ? ಹೋಗಿ ಬಾ’ ಎಂದು ಬಂತು. ಸುಳ್ಳೇಕೆ, ಅತ್ತುಬಿಟ್ಟೆ. ಬಸ್ಸು ತಪ್ಪಿತು. ಸರ್ಕಾರಿ ಬಸ್ಸಿನಲ್ಲಿ ಚಾಕಣದವರೆಗೆ ನಿಂತುಕೊಂಡೇ ಹೋದೆ, ಆದರೂ ಅಂದು ಯಾರಿಗೂ ಚೀಟಿ ಕಳಿಸಲಿಲ್ಲ.

ಮಂಗಳವಾರವೂ ಚೆನ್ನಾಗಿತ್ತು. ಗುರುವಾರದ ಹೊತ್ತಿಗೆ, ಪರದೆಯ ಮೇಲೆ ಬರುವ ಮೊದಲೇ ನಾನು ಅದನ್ನು ಮನಸ್ಸಿನಲ್ಲಿ ಓದಿ ಮುಗಿಸಿರುತ್ತಿದ್ದೆ. ಅಕ್ಕ ಒಂದು ದಿನ ಕೇಳಿದ ಹಾಗೆ ಇನ್ನೊಂದು ದಿನ ಕೇಳಿದವಳಲ್ಲ. ಒಮ್ಮೆ ಸಿಡುಕಿ, ಒಮ್ಮೆ ಬಾಯಲ್ಲಿ ಅಡಿಕೆ ಇಟ್ಟುಕೊಂಡು, ಒಮ್ಮೆ ಕೇಳುವುದನ್ನೇ ಮರೆತು, ಮೆಟ್ಟಿಲಿಳಿದವನನ್ನು ಮತ್ತೆ ಕೂಗಿ. ಇಲ್ಲಿ ಕೇಳುವವನೂ ನಾನೇ, ಹೊರಡುವವನೂ ನಾನೇ. ಆ ಸಾಲು ಬರೆದ ಭಾನುವಾರ ನನಗೆ ನೆನಪಿತ್ತು, ಬೆರಳು ಎಲ್ಲಿ ತಡವರಿಸಿತೆಂಬುದೂ ನೆನಪಿತ್ತು. ಮನೆ ಮೊದಲಿಗಿಂತ ಖಾಲಿಯಾಯಿತು. ಮುಂದಿನ ಭಾನುವಾರ ಹಳೇ ಸಾಲನ್ನೇ ತಿರುಗಿ ಹಾಕಿದೆ.

ಮರುದಿನ ಅದು ಮತ್ತೆ ಕೇಳಿತು, ನೀವು ಖಚಿತವಾಗಿಯೂ ನಿರ್ಗಮಿಸಲು ಬಯಸುವಿರಾ. ಸಿಟ್ಟು ಬರಲಿಲ್ಲ. ಎಲ್ಲೋ ಯಾರೋ ಕುರ್ಚಿಯಲ್ಲಿ ಕೂತು, ಹೊರಟವನೊಬ್ಬನನ್ನು ಮರ್ಯಾದೆಯಿಂದ ಹೇಗೆ ಕೇಳಬೇಕೆಂದು ಯೋಚಿಸಿ ಬರೆದ ಮಾತದು. “ಹೂಂ, ಬರ್ತೀನಿ” ಎಂದು ಬಾಯಿಬಿಟ್ಟು ಹೇಳಿ ಬಾಗಿಲು ಹಾಕಿಕೊಂಡೆ.

ನನ್ನ ಸಲಹೆಯನ್ನು ಹಿಂತೆಗೆದುಕೊಂಡು, ಆ ಸಾಲು ಬರೆದವರು ಯಾರೆಂದು ಬೆಂಗಳೂರಿಗೆ ಕೇಳಿದೆ. ‘ನಾನೇ ಸರ್. ನಾನು ಬರ್ದ ಮೊದಲನೇ ಸಾಲು ಅದು, ಈಗ ಓದಿದ್ರೆ ನಾಚಿಕೆ ಆಗುತ್ತೆ. ನೀವು ಹೇಳಿದ್ದು ಒಂದ್ ರೀತೀಲಿ ಸರಿ. ಮುಂದಿನ ಆವೃತ್ತಿಯಲ್ಲಿ ಪ್ರಶ್ನೆನೇ ತೆಗೀತಿದ್ದೀವಿ, ಗುಂಡಿ ಒತ್ತಿದ ತಕ್ಷಣ ಮುಚ್ಕೊಳ್ಳುತ್ತೆ’ ಎಂದು ಬರೆದಳು.

ಅಂದೇ ಸಲಹೆಯ ಪುಟ ತೆಗೆದೆ. ಮೇಲಿನ ಚೌಕದಲ್ಲಿ, ದಯವಿಟ್ಟು ಆ ಪ್ರಶ್ನೆಯನ್ನು ತೆಗೆಯಬೇಡಿ, ಇದ್ದ ಹಾಗೆಯೇ ಇರಲಿ ಎಂದು ಬರೆದೆ. ಕೆಳಗಿನದು ಕಾರಣದ ಚೌಕ. ಈ ಸಲ ಪದ್ಧತಿ, ಅಪಶಕುನ ಎಂದೆಲ್ಲ ಬರೆಯಲಿಲ್ಲ. ‘ಬೆಳಿಗ್ಗೆ ಹೊರಡುವಾಗ ನನ್ನನ್ನು ಕೇಳುವವರು ಬೇರೆ ಯಾರೂ ಇಲ್ಲ’ ಎಂದು ಬರೆದು ಕಳಿಸಿದೆ.